ಗುರುವಿನ ಗೆಲುವೋ, ಶಿಷ್ಯನ ಗೆಲುವೋ?

ಅಮೆರಿಕದ ವೃತ್ತಿಪರ ಫುಟ್‌ಬಾಲ್ ತಂಡಗಳಲ್ಲೊಂದಾದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸನ್ನು 24 ವರ್ಷಗಳ ಕಾಲ ನಡೆಸಿದ ತರಬೇತುದಾರ ಬಿಲ್ ಬೆಲಿಚಿಕ್ ಅವರು 2024ರ ಜನವರಿಯಲ್ಲಿ ಆ ಸ್ಥಾನದಿಂದ ನಿರ್ಗಮಿಸಿದರು. ಅವರ ಕಾಲದಲ್ಲಿ ತಂಡವು ಸೂಪರ್ ಬೌಲ್ ಎಂಬ ವಾರ್ಷಿಕ ಅಂತಿಮ ಪಂದ್ಯವನ್ನು ಆರು ಸಲ ಗೆದ್ದಿತ್ತು. ಆ ಆರು ಸಲವೂ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಟಾಮ್ ಬ್ರೇಡಿ. ಬ್ರೇಡಿಯವರು 2020ರಲ್ಲಿ ಟ್ಯಾಂಪಾ ಬೇ ತಂಡಕ್ಕೆ ಹೋಗಿ, ಮೊದಲನೆಯ ಋತುವಿನಲ್ಲಿಯೇ ತಮ್ಮ ಏಳನೆಯ ಸೂಪರ್ ಬೌಲನ್ನು ಗೆದ್ದರು. ಅದೇ ಋತುವಿನಲ್ಲಿ ಬೆಲಿಚಿಕ್ ಅವರ ತಂಡ ಏಳು ಪಂದ್ಯಗಳನ್ನು ಗೆದ್ದು ಒಂಬತ್ತನ್ನು ಸೋತಿತು. 2023ರಲ್ಲಂತೂ ಹದಿನೇಳರಲ್ಲಿ ನಾಲ್ಕನ್ನು ಮಾತ್ರ ಗೆದ್ದಿತು. ಹಾಗಾದರೆ ಅಷ್ಟು ವರ್ಷ ಗೆಲ್ಲಿಸಿದವರು ಯಾರು, ಗುರುವೋ ಶಿಷ್ಯನೋ? ಈ ವಾದ ಆ ದೇಶದಲ್ಲಿ ಇನ್ನೂ ಮುಗಿದಿಲ್ಲ. ಪ್ರಶ್ನೆಯನ್ನು ಕೇಳಿರುವ ರೀತಿಯೇ ಸರಿಯಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ಆಟದ ಪರಿಚಯವನ್ನು ಎರಡು ಮಾತಿನಲ್ಲಿ ಮಾಡಿಕೊಡಬೇಕು. ಹೆಸರು ಕಾಲ್ಚೆಂಡಾದರೂ ಈ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಅಂಡಾಕಾರದ್ದು, ಒಂದೊಂದು ಪಕ್ಷದಲ್ಲಿ 11 ಮಂದಿ, ಮೈದಾನದ ಗುರಿರೇಖೆಗಳ ನಡುವೆ 100 ಗಜ. ಚೆಂಡನ್ನು ಪಡೆದ ಪಕ್ಷವು ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುನ್ನಡೆಯಬೇಕು. ಮುನ್ನಡೆದರೆ ಮತ್ತೆ ನಾಲ್ಕು ಪ್ರಯತ್ನಗಳು, ಇಲ್ಲವಾದರೆ ಚೆಂಡು ಎದುರಾಳಿಗೆ. ಸಾಮಾನ್ಯವಾಗಿ ಪ್ರತಿಯೊಂದು ಪ್ರಯತ್ನದಲ್ಲಿಯೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಅದನ್ನು ಓಟಗಾರನಿಗೆ ಕೊಡಬೇಕೋ, ದೂರದಲ್ಲಿ ಓಡುತ್ತಿರುವ ಯಾವ ಸಂಗಡಿಗನ ಕಡೆಗೆ ಎಸೆಯಬೇಕೋ ಎಂಬುದನ್ನು ಆತನು ಎರಡೂವರೆ ಮೂರು ಸೆಕೆಂಡುಗಳೊಳಗಾಗಿ ತೀರ್ಮಾನಿಸಬೇಕು. ಅಷ್ಟು ಹೊತ್ತಿಗೆ ಅವನನ್ನು ಕೆಡವಲು ಭಾರಿ ದೇಹದ ನಾಲ್ಕಾರು ಮಂದಿ ನುಗ್ಗಿ ಬರುತ್ತಿರುತ್ತಾರೆ. ಯಾವ ವ್ಯೂಹವನ್ನು ಹೂಡಬೇಕೆಂಬುದನ್ನು ಬಹುಮಟ್ಟಿಗೆ ತರಬೇತುದಾರನೇ ಮೈದಾನದ ಅಂಚಿನಿಂದ ನಿರ್ಧರಿಸುತ್ತಾನೆ. 1994ರಿಂದ ಈಚೆಗೆ ಈ ಸೂಚನೆಗಳು ಕ್ವಾರ್ಟರ್‌ಬ್ಯಾಕ್‌ನ ಶಿರಸ್ತ್ರಾಣದೊಳಗಿನ ರೇಡಿಯೊ ಮೂಲಕ ಹೋಗುತ್ತವೆ. ಒಬ್ಬನದು ಯೋಜನೆ, ಇನ್ನೊಬ್ಬನದು ಕಾರ್ಯ, ಫಲವಾದರೋ ಒಂದೇ. ಇವರಿಬ್ಬರ ಪಾಲನ್ನು ಬೇರ್ಪಡಿಸುವುದು ಏಕೆ ಕಷ್ಟವೆಂಬುದು ಇದರಿಂದಲೇ ತಿಳಿಯುತ್ತದೆ.

ಆದರೆ ಅದಕ್ಕೂ ಮೊದಲು ತೆಗೆದಿಡಬೇಕಾದ ಮೂರನೆಯ ಪಾಲುದಾರನೊಬ್ಬನಿದ್ದಾನೆ. ಅವನು ಆಕಸ್ಮಿಕ. ಈ ಲೀಗಿನಲ್ಲಿ 32 ತಂಡಗಳಿವೆ. 2021ರಿಂದ ಪ್ರತಿಯೊಂದು ತಂಡವೂ ಋತುವಿಗೆ 17 ಪಂದ್ಯಗಳನ್ನು ಆಡುತ್ತದೆ. ಎಲ್ಲ ತಂಡಗಳೂ ಸರಿಸಮಾನವಾಗಿದ್ದು, ಪ್ರತಿಯೊಂದು ಪಂದ್ಯವನ್ನೂ ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾರೆಂದು ಭಾವಿಸೋಣ. 17 ಚಿಮ್ಮುವಿಕೆಗಳ ಫಲಿತಾಂಶ 1,31,072 ಬಗೆಗಳಲ್ಲಿ ಬರಬಹುದು; ಅವುಗಳಲ್ಲಿ 9,402 ಬಗೆಗಳಲ್ಲಿ 12 ಅಥವಾ ಹೆಚ್ಚು ಗೆಲುವುಗಳಿರುತ್ತವೆ. ಎಂದರೆ ಶೇಕಡಾ 7ಕ್ಕಿಂತ ತುಸು ಹೆಚ್ಚು. ಸಂಭವನೀಯತೆಯ ಗಣಿತವನ್ನು ಓದುತ್ತಿರುವ ವಾಚಕರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. 32 ತಂಡಗಳಿಗೆ ಇದನ್ನು ಅನ್ವಯಿಸಿದರೆ, ಯಾರಲ್ಲಿಯೂ ಯಾವ ವಿಶೇಷ ಸಾಮರ್ಥ್ಯವೂ ಇಲ್ಲದಿದ್ದರೂ, ಪ್ರತಿ ವರ್ಷ ಎರಡು ತಂಡಗಳಾದರೂ 12 ಪಂದ್ಯಗಳನ್ನು ಗೆದ್ದು ಪತ್ರಿಕೆಗಳಲ್ಲಿ ಮೆರೆಯುವುದನ್ನು ನಿರೀಕ್ಷಿಸಬೇಕಾಗುತ್ತದೆ. ಆ ತಂಡಗಳ ತರಬೇತುದಾರರನ್ನು ಮೇಧಾವಿಗಳೆಂದು ಹೊಗಳುವವರಿಗೆ ಬರಗಾಲವೇನೂ ಇರಲಾರದು. ಮರುವರ್ಷ ಅವೇ ತಂಡಗಳು ಎಂಟೊಂಬತ್ತು ಗೆಲುವುಗಳಿಗೆ ಇಳಿದಾಗ, 'ಗರ್ವದಿಂದ ಕೆಟ್ಟರು' ಎಂದು ಅವರೇ ಬರೆಯುತ್ತಾರೆ.

ನಿಜವಾದ ತಂಡಗಳು ನಾಣ್ಯಗಳಲ್ಲ, ನಿಜ. ಆದರೆ ಒಂದು ಋತುವಿನ ಫಲಿತಾಂಶವು ಎಷ್ಟು ದುರ್ಬಲವಾದ ಸಾಕ್ಷ್ಯವೆಂಬುದನ್ನು ಈ ಲೆಕ್ಕ ತೋರಿಸುತ್ತದೆ. ದೀರ್ಘಕಾಲದ ದಾಖಲೆಯ ಮಾತು ಬೇರೆ. ಪೇಟ್ರಿಯಟ್ಸ್ ತಂಡವು 2003ರಿಂದ 2019ರವರೆಗೆ 17 ಋತುಗಳಲ್ಲಿ ಒಂದನ್ನೂ ತಪ್ಪಿಸದೆ, 16 ಪಂದ್ಯಗಳಲ್ಲಿ ಹತ್ತು ಅಥವಾ ಹೆಚ್ಚನ್ನು ಗೆದ್ದಿತು. ನಾಣ್ಯದಿಂದ ಇದು ಆಗಬೇಕಾದರೆ ಎಂಟು ಸಾವಿರ ಕೋಟಿಗೂ ಹೆಚ್ಚು ಸಲ ಪ್ರಯತ್ನಿಸಿ ಒಂದು ಸಲಕ್ಕಾಗಿ ಕಾಯಬೇಕು. ಇಲ್ಲಿ ಸಾಮರ್ಥ್ಯವಿತ್ತೆಂಬುದರಲ್ಲಿ ಸಂದೇಹವಿಲ್ಲ. ಯಾರ ಸಾಮರ್ಥ್ಯವೆಂಬುದು ಮಾತ್ರ ಉಳಿಯುತ್ತದೆ.

ಪ್ರಯೋಗಶಾಲೆಯಲ್ಲಾದರೆ ಒಂದು ಅಂಶವನ್ನು ಸ್ಥಿರವಾಗಿರಿಸಿ ಇನ್ನೊಂದನ್ನು ಬದಲಾಯಿಸಿ ನೋಡಬಹುದು. ಇಲ್ಲಿ ಆ ಅನುಕೂಲವಿಲ್ಲ. ಆದರೂ ಒಮ್ಮೊಮ್ಮೆ ದೈವವೇ ಪ್ರಯೋಗವನ್ನು ಹೂಡುತ್ತದೆ. 2008ರ ಮೊದಲನೆಯ ಪಂದ್ಯದಲ್ಲಿಯೇ ಬ್ರೇಡಿಯವರ ಮೊಣಕಾಲಿಗೆ ತೀವ್ರವಾದ ಗಾಯವಾಯಿತು. ಹೆಚ್ಚು ಅನುಭವವಿಲ್ಲದ ಮ್ಯಾಟ್ ಕ್ಯಾಸಲ್ ಎಂಬವರು ಉಳಿದ ಋತುವನ್ನು ನಡೆಸಿದರು. ತಂಡ ಹನ್ನೊಂದನ್ನು ಗೆದ್ದು ಐದನ್ನು ಸೋತಿತು. ಹಿಂದಿನ ವರ್ಷ ಹದಿನಾರಕ್ಕೆ ಹದಿನಾರನ್ನೂ ಗೆದ್ದಿತ್ತು. ಬ್ರೇಡಿಯವರ ಬೆಲೆ ಐದು ಪಂದ್ಯಗಳೆಂದು ಕೂಡಲೇ ತೀರ್ಮಾನಿಸುವವರು ತಪ್ಪುತ್ತಾರೆ. ಅಂಥ ಅಸಾಧಾರಣ ವರ್ಷದ ನಂತರ ಬ್ರೇಡಿಯವರು ಇದ್ದಿದ್ದರೂ ಇಳಿತವನ್ನು ನಿರೀಕ್ಷಿಸಬೇಕಾಗಿತ್ತು. 2020ರ ಅಗಲಿಕೆಯೂ ಶುದ್ಧವಾದ ಪ್ರಯೋಗವಲ್ಲ. ಬ್ರೇಡಿಯವರು ತಮಗೆ ಹೊಂದುವ ತಂಡವನ್ನು ಆರಿಸಿಕೊಂಡು ಹೋದರು. ಬೆಲಿಚಿಕ್ ಅವರಿಗೆ ಉಳಿದದ್ದು ಸವೆದ ತಂಡ.

ಆದುದರಿಂದ ಒಂದೇ ಜೋಡಿಯನ್ನು ಬಿಟ್ಟು, ಸಂಗಡಿಗರು ಬದಲಾದರೂ ಗೆದ್ದವರನ್ನು ನೋಡುವುದು ಒಳ್ಳೆಯದು. ಡಾನ್ ಶೂಲಾ ಅವರು 1963ರಿಂದ 1995ರವರೆಗೆ ಎರಡು ತಂಡಗಳನ್ನು ನಡೆಸಿ ಒಟ್ಟು 347 ಪಂದ್ಯಗಳನ್ನು ಗೆದ್ದರು. ಈ ಸಂಖ್ಯೆಯನ್ನು ಇದುವರೆಗೆ ಯಾರೂ ಮೀರಿಲ್ಲ. 1972ರಲ್ಲಿ ಅವರ ಮಯಾಮಿ ತಂಡ 17 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಅದೂ ಹೇಗೆ? ಐದನೆಯ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಬಾಬ್ ಗ್ರೀಸಿಯವರ ಕಾಲು ಮುರಿದು, 38 ವರ್ಷದ ಅರ್ಲ್ ಮೊರಾಲ್ ಅವರು ಆ ಸ್ಥಾನಕ್ಕೆ ಬಂದ ಮೇಲೆ! ಆ ತಂಡದ ಬಲವಿದ್ದುದು ಓಟದಲ್ಲಿ, ಎಸೆತ ಕಡಿಮೆ. ಹನ್ನೊಂದು ವರ್ಷಗಳ ನಂತರ ಅದೇ ಶೂಲಾ ಅವರ ಕೈಗೆ ಡ್ಯಾನ್ ಮರೀನೋ ಎಂಬ ಅಪೂರ್ವ ಎಸೆತಗಾರ ಬಂದಾಗ, ಹಳೆಯ ಪದ್ಧತಿಯನ್ನು ಅವರು ಕಟ್ಟಿಟ್ಟರು. 1984ರಲ್ಲಿ ಮರೀನೋ ಅವರು ಎಸೆದು ಗಳಿಸಿದ ದೂರ 5,084 ಗಜ. ಒಂದು ಋತುವಿನಲ್ಲಿ 5,000 ಗಜವನ್ನು ಅದುವರೆಗೆ ಯಾರೂ ಮುಟ್ಟಿರಲಿಲ್ಲ. ವಾಷಿಂಗ್ಟನ್ ತಂಡದ ಜೋ ಗಿಬ್ಸ್ ಅವರು ಮೂರು ಸೂಪರ್ ಬೌಲ್‌ಗಳನ್ನು ಮೂವರು ಬೇರೆ ಬೇರೆ ಕ್ವಾರ್ಟರ್‌ಬ್ಯಾಕ್‌ಗಳೊಡನೆ ಗೆದ್ದರು.

ನಮ್ಮ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಬೋಧಪ್ರದವಾದುದು ಬಿಲ್ ವಾಲ್ಷ್ ಅವರ ಕಥೆ. 1970ರಲ್ಲಿ ಅವರು ಸಿನ್ಸಿನಾಟಿ ತಂಡದಲ್ಲಿ ಸಹಾಯಕರಾಗಿದ್ದರು. ಬಲವಾದ ತೋಳಿನ ಕ್ವಾರ್ಟರ್‌ಬ್ಯಾಕ್ ಗ್ರೆಗ್ ಕುಕ್ ಅವರು ಭುಜದ ಗಾಯದಿಂದ ಆಡಲಾರದವರಾದರು. ಅವರ ಜಾಗಕ್ಕೆ ಬಂದ ವರ್ಜಿಲ್ ಕಾರ್ಟರ್ ಅವರದು ಚುರುಕಾದ ಬುದ್ಧಿ, ನಿಖರವಾದ ಕೈ. ಆದರೆ ದೂರಕ್ಕೆ ಎಸೆಯುವ ಶಕ್ತಿಯಿಲ್ಲ. ಇನ್ನೊಬ್ಬನಾಗಿದ್ದರೆ ಕಾರ್ಟರ್ ಅವರನ್ನು ದೂರಿ ಸುಮ್ಮನಾಗುತ್ತಿದ್ದನು. ವಾಲ್ಷ್ ಅವರು ದೂರದ ಎಸೆತಗಳ ಆಸೆಯನ್ನೇ ಬಿಟ್ಟು, ಮೈದಾನದ ಅಗಲವನ್ನೆಲ್ಲ ಬಳಸುವ ಗಿಡ್ಡ ಎಸೆತಗಳ ಪದ್ಧತಿಯೊಂದನ್ನು ರಚಿಸಿದರು. ಎಸೆದ ಚೆಂಡು ನಾಲ್ಕಾರು ಗಜವಷ್ಟೇ ಹೋದರೂ, ಹಿಡಿದವನು ಓಡಿ ಉಳಿದುದನ್ನು ಗಳಿಸಬೇಕು. ಆ ವರ್ಷ ಸಿನ್ಸಿನಾಟಿ ತಂಡ ತನ್ನ ವಿಭಾಗದಲ್ಲಿ ಮೊದಲನೆಯದಾಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಾಲ್ಷ್ ಅವರಿಗೆ ಮೂರು ಸೂಪರ್ ಬೌಲ್‌ಗಳನ್ನು ತಂದುಕೊಟ್ಟದ್ದು, ಜೋ ಮೊಂಟಾನಾ ಅವರನ್ನು ಪ್ರಖ್ಯಾತರನ್ನಾಗಿ ಮಾಡಿದ್ದು, ಒಬ್ಬನ ದೌರ್ಬಲ್ಯದಿಂದ ಹುಟ್ಟಿದ ಈ ಪದ್ಧತಿಯೇ. ದೀರ್ಘಕಾಲ ನಿಂತ ತರಬೇತುದಾರರಲ್ಲಿ ನಾವು ಸಾಮಾನ್ಯವಾಗಿ ಕಾಣುವ ಗುಣ ಇದು: ಅವರು ಬಟ್ಟೆಯನ್ನು ನೋಡಿ ಅಂಗಿಯನ್ನು ಕತ್ತರಿಸುತ್ತಾರೆ.

ಇನ್ನು ಕ್ವಾರ್ಟರ್‌ಬ್ಯಾಕ್‌ಗಳ ವಿಷಯ. ಕಾಲೇಜು ಆಟಗಾರರನ್ನು ಆರಿಸುವ ಮುನ್ನ ಅವರ ಎತ್ತರ, ತೂಕ, 40 ಗಜಗಳ ಓಟದ ವೇಗ, ಎಸೆತದ ಬಲ ಇವುಗಳನ್ನೆಲ್ಲ ಅಳೆಯುತ್ತಾರೆ. ಬ್ರೇಡಿಯವರು ಆ 40 ಗಜಗಳಿಗೆ 5.28 ಸೆಕೆಂಡು ತೆಗೆದುಕೊಂಡರು. ಅಷ್ಟು ನಿಧಾನಗತಿಯವರನ್ನು 2000ದ ಆಯ್ಕೆಯಲ್ಲಿ 198 ಮಂದಿಯ ನಂತರ ಆರಿಸಿದರು. ಹಿಂದಿನ ಕಾಲದ ಮಹಾ ಆಟಗಾರ ಜಾನಿ ಯುನೈಟಸ್ ಅವರನ್ನು 1955ರಲ್ಲಿ ಪಿಟ್ಸ್‌ಬರ್ಗ್ ತಂಡವು ಒಂದು ಪಂದ್ಯವನ್ನೂ ಆಡಿಸದೆ ಮನೆಗೆ ಕಳುಹಿಸಿತು. 1998ರಲ್ಲಿ ಮೊದಲನೆಯ ಆಯ್ಕೆ ಪೇಟನ್ ಮ್ಯಾನಿಂಗ್, ಎರಡನೆಯ ಆಯ್ಕೆ ರಯಾನ್ ಲೀಫ್. ಇಬ್ಬರಲ್ಲಿ ಯಾರು ಮೇಲೆಂದು ಪಂಡಿತರು ತಿಂಗಳುಗಟ್ಟಲೆ ಚರ್ಚಿಸಿದ್ದರು. ಲೀಫ್ ಅವರು 2001ರ ನಂತರ ಆಡಲೇ ಇಲ್ಲ. ಮ್ಯಾನಿಂಗ್ ಅವರು 2015ರ ಋತುವಿನವರೆಗೂ ಆಡಿದರು. ಅಳತೆಪಟ್ಟಿಗೆ ಸಿಕ್ಕುವುದು ತೋಳು ಮತ್ತು ಕಾಲು. ಎದುರಾಳಿಗಳ ವ್ಯೂಹವನ್ನು ಒಂದು ನೋಟದಲ್ಲಿ ಓದುವುದು, ತಪ್ಪಿದ ಎಸೆತವನ್ನು ಮರುಕ್ಷಣವೇ ಮರೆಯುವುದು ಇವುಗಳಿಗೆ ಮಾಪಕವಿಲ್ಲ. ಅವು ಬೆಳೆಯುವುದಾದರೂ ಪಂದ್ಯಗಳಲ್ಲಿ ಸೋಲುತ್ತ ಸೋಲುತ್ತಲೇ. ಮ್ಯಾನಿಂಗ್ ಅವರ ಮೊದಲ ವರ್ಷದಲ್ಲಿ ಅವರ 28 ಎಸೆತಗಳನ್ನು ಎದುರಾಳಿಗಳು ಹಿಡಿದರು. ತಂಡ ಹದಿನಾರರಲ್ಲಿ ಮೂರನ್ನು ಮಾತ್ರ ಗೆದ್ದಿತು. ಆದರೂ ಅವರನ್ನು ತೆಗೆಯಲಿಲ್ಲ.

ತೆಗೆಯಲಿಲ್ಲವೆಂಬ ಈ ಮಾತಿಗೆ ಸಲ್ಲಬೇಕಾದ ಗಮನ ಸಂದಿಲ್ಲವೆಂದು ನಮಗೆ ತೋರುತ್ತದೆ. ಟಾಮ್ ಲ್ಯಾಂಡ್ರಿ ಅವರ ಡಾಲಸ್ ತಂಡವು 1960ರಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. 1964ರಲ್ಲಿ, ಸೋಲುಗಳ ನಡುವೆಯೇ, ಮಾಲಿಕರು ಅವರಿಗೆ ಹತ್ತು ವರ್ಷಗಳ ಕರಾರನ್ನು ಕೊಟ್ಟರು. 1966ರಿಂದ ಇಪ್ಪತ್ತು ವರ್ಷಗಳ ಕಾಲ ಆ ತಂಡಕ್ಕೆ ಪ್ರತಿ ಋತುವಿನಲ್ಲಿಯೂ ಸೋಲಿಗಿಂತ ಗೆಲುವೇ ಹೆಚ್ಚು. ಪಿಟ್ಸ್‌ಬರ್ಗ್‌ನ ಚಕ್ ನಾಲ್ ಅವರ ಮೊದಲ ವರ್ಷ 1 ಗೆಲುವು, 13 ಸೋಲು. ಮುಂದೆ ನಾಲ್ಕು ಸೂಪರ್ ಬೌಲ್‌ಗಳು. ವಾಲ್ಷ್ ಅವರ ಮೊದಲ ವರ್ಷ 2 ಗೆಲುವು, 14 ಸೋಲು. ಕಾಲಾವಕಾಶ ಕೊಟ್ಟರೆ ಎಲ್ಲರೂ ಗೆಲ್ಲುತ್ತಾರೆಂದು ಇದರಿಂದ ಸಿದ್ಧವಾಗುವುದಿಲ್ಲ. ಅವಕಾಶ ಪಡೆದೂ ಸೋತವರ ಹೆಸರುಗಳು ಉಳಿಯುವುದಿಲ್ಲವಷ್ಟೇ. ಆದರೆ ತೊಂದರೆ ಇನ್ನೊಂದು ಕಡೆಯೂ ಇದೆ: ಎರಡನೆಯ ವರ್ಷವೇ ಹೊರಹಾಕಲ್ಪಟ್ಟವರಲ್ಲಿ ಎಷ್ಟು ಮಂದಿ ಲ್ಯಾಂಡ್ರಿಗಳಿದ್ದರೆಂಬುದನ್ನು ಯಾವ ದಾಖಲೆಯೂ ಹೇಳಲಾರದು. ಬೆಲಿಚಿಕ್ ಅವರೇ ಮೊದಲು ಕ್ಲೀವ್‌ಲ್ಯಾಂಡ್ ತಂಡದಲ್ಲಿ ಐದು ವರ್ಷಗಳಲ್ಲಿ 36 ಪಂದ್ಯಗಳನ್ನು ಗೆದ್ದು 44ನ್ನು ಸೋತು ಕೆಲಸ ಕಳೆದುಕೊಂಡವರು. 1996ರಲ್ಲಿ ಈ ಲೇಖನವನ್ನು ಬರೆದಿದ್ದರೆ ಅವರನ್ನು ವಿಫಲರ ಪಟ್ಟಿಯಲ್ಲಿ ಸೇರಿಸುತ್ತಿದ್ದೆವು.

ಕೆಲಸ ಹೋಗುವ ಭಯ ಆಟದ ಬುದ್ಧಿಯನ್ನೂ ಕೆಡಿಸುತ್ತದೆ. ನಾಲ್ಕನೆಯ ಪ್ರಯತ್ನ ಬಂದಾಗ ತಂಡಗಳು ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಿದ್ದವು. ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಒದೆಯುವ ಅನೇಕ ಸಂದರ್ಭಗಳಲ್ಲಿ ಮುನ್ನುಗ್ಗುವುದೇ ಲಾಭಕರವೆಂದು ಲೆಕ್ಕಹಾಕಿ ತೋರಿಸಿದರು. ಒದ್ದು ಸೋತವನನ್ನು ಯಾರೂ ಪ್ರಶ್ನಿಸುವುದಿಲ್ಲ. ಮುನ್ನುಗ್ಗಿ ಸೋತವನನ್ನು ಮರುದಿನ ಇಡೀ ಊರೇ ಪ್ರಶ್ನಿಸುತ್ತದೆ. 2009ರ ನವೆಂಬರಿನಲ್ಲಿ ಮ್ಯಾನಿಂಗ್ ಅವರ ಇಂಡಿಯಾನಾಪೊಲಿಸ್ ತಂಡದ ಎದುರು ಬೆಲಿಚಿಕ್ ಅವರ ತಂಡ 34–28ರಿಂದ ಮುಂದಿತ್ತು. ಉಳಿದಿದ್ದುದು ಎರಡು ನಿಮಿಷ. ತಮ್ಮದೇ ಗುರಿರೇಖೆಯಿಂದ ಕೇವಲ 28 ಗಜ ದೂರದಲ್ಲಿ, ಎರಡು ಗಜ ಬೇಕಾಗಿದ್ದ ನಾಲ್ಕನೆಯ ಪ್ರಯತ್ನದಲ್ಲಿ, ಒದೆಯದೆ ಮುನ್ನುಗ್ಗುವಂತೆ ಅವರು ಆಜ್ಞಾಪಿಸಿದರು. ಸ್ವಲ್ಪದರಲ್ಲಿ ತಪ್ಪಿತು; ಪಂದ್ಯ 35–34ರಿಂದ ಹೋಯಿತು. ಟೀಕಾಕಾರರು ಕೆಂಡ ಕಾರಿದರು. ಸಂಖ್ಯಾಶಾಸ್ತ್ರ ಬಲ್ಲ ಹಲವರು ತೀರ್ಮಾನ ಸರಿಯೆಂದೇ ವಾದಿಸಿದರು. ಅಷ್ಟು ಹೊತ್ತಿಗೆ ಮೂರು ಸೂಪರ್ ಬೌಲ್‌ಗಳನ್ನು ಗೆದ್ದಿದ್ದ ಬೆಲಿಚಿಕ್ ಅವರ ಕೆಲಸಕ್ಕೆ ಏನೂ ಆಗಲಿಲ್ಲ. ಮೊದಲನೆಯ ವರ್ಷದ ತರಬೇತುದಾರನೊಬ್ಬನು ಆ ಜಾಗದಲ್ಲಿದ್ದಿದ್ದರೆ, ಲೆಕ್ಕ ಗೊತ್ತಿದ್ದರೂ, ಚೆಂಡನ್ನು ಒದೆಯುತ್ತಿದ್ದನೆಂದೇ ನಾವು ನಂಬುತ್ತೇವೆ.