ಬೆಂಕಿಯಿಲ್ಲದ ಒಲೆ

ಇಂಡಕ್ಷನ್ ಒಲೆಯ ಮೇಲೆ ಮಾಡಿದ ಅಡುಗೆಗೆ ರುಚಿಯಿಲ್ಲ ಎಂಬ ಮಾತನ್ನು ನನ್ನ ಸಮವಯಸ್ಕರ ಬಾಯಲ್ಲಿ ಅದೆಷ್ಟು ಸಲ ಕೇಳಿದ್ದೇನೋ! ಹೀಗೆನ್ನುವವರಲ್ಲಿ ಬಹುಮಂದಿ ಒಲೆಯ ಮುಂದೆ ನಿಂತು ಒಂದು ಲೋಟ ಕಾಫಿಯನ್ನಾದರೂ ಕಾಯಿಸಿಕೊಂಡವರಲ್ಲ ಎಂಬುದನ್ನು ಹೇಳದೆ ಇರಲಾರೆ. ನಿತ್ಯವೂ ಅಡುಗೆ ಮಾಡುವವರನ್ನು ವಿಚಾರಿಸಿದರೆ ಅವರ ದೂರುಗಳೇ ಬೇರೆ. ಆ ದೂರುಗಳಲ್ಲಿ ಒಂದಂತೂ ಅಡುಗೆಮನೆಯ ಹೊಸ್ತಿಲು ದಾಟಿ ಸರ್ಕಾರದ ಬಾಗಿಲವರೆಗೆ ಹೋಗಬೇಕಾದದ್ದು. ಈ ಬರಹದ ಉದ್ದೇಶವೂ ಅದೇ.

ಮೊದಲು ಒಲೆಯ ವಿಷಯ. ಹತ್ತನೆಯ ತರಗತಿಗೆ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಮಾಡುವಾಗ ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ಹಿಂದೆ ಮುಂದೆ ಆಡಿಸಿ, ಗ್ಯಾಲ್ವನೋಮೀಟರಿನ ಮುಳ್ಳು ಅಲುಗುವುದನ್ನು ತೋರಿಸುತ್ತಿದ್ದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ಆ ತತ್ತ್ವವೇ ಇಂದು ಅನ್ನ ಬೇಯಿಸುತ್ತಿದೆ. ಗಾಜಿನ ಹಲಗೆಯ ಕೆಳಗೆ ತಾಮ್ರದ ತಂತಿಯ ಸುರುಳಿಯೊಂದು ಇರುತ್ತದೆ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದರೆ, ಈ ಸುರುಳಿಯಲ್ಲಿ ಅದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುತ್ತದೆ. ಅದರಿಂದ ಹುಟ್ಟುವ ಕಾಂತಕ್ಷೇತ್ರವು ಪಾತ್ರೆಯ ತಳದಲ್ಲಿ ಸುಳಿ ಪ್ರವಾಹಗಳನ್ನು ಎಬ್ಬಿಸಿ, ತಳವನ್ನೇ ಕಾಯಿಸುತ್ತದೆ. ಎಂದರೆ, ಇಲ್ಲಿ ಪಾತ್ರೆಯೇ ಒಲೆ. ಅಯಸ್ಕಾಂತ ಅಂಟದ ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆಗಳೂ ಮಡಕೆ, ಕಲ್ಚಟ್ಟಿಗಳೂ ಇದರ ಮೇಲೆ ಸುಮ್ಮನೆ ಕುಳಿತಿರುತ್ತವೆ. ಒಲೆ ಕೊಳ್ಳುವ ಮುನ್ನ ಒಂದು ಅಯಸ್ಕಾಂತದ ತುಂಡನ್ನು ಹಿಡಿದು ಮನೆಯ ಪಾತ್ರೆಗಳನ್ನೆಲ್ಲ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು.

ನಮ್ಮ ಮನೆಯಲ್ಲಿ ಗ್ಯಾಸ್ ಒಲೆಯ ಪಕ್ಕದಲ್ಲೇ ಇದಕ್ಕೂ ಸ್ಥಾನ ದೊರೆತು ಆರು ವರ್ಷಗಳಾದವು. ಬೆಳಗಿನ ಹಾಲು, ಕಾಫಿ, ಕುಕ್ಕರಿನ ಅನ್ನ, ಬೇಳೆ, ಸಾರು ಎಲ್ಲವೂ ಇದರ ಮೇಲೆಯೇ. ಬೇಸಿಗೆಯಲ್ಲಿ ಅಡುಗೆಮನೆ ಕುಲುಮೆಯಾಗುವುದು ತಪ್ಪಿದೆ. ಹಾಲಿಟ್ಟು ಮರೆತರೂ ನಿಗದಿಯಾದ ಹೊತ್ತಿಗೆ ತಾನೇ ಆರಿಹೋಗುವ ಗುಣ ಎಪ್ಪತ್ತು ದಾಟಿದವರಿಗೆ ಸಣ್ಣ ಉಪಕಾರವಲ್ಲ. ಆದರೆ ಬದನೆಕಾಯಿ ಸುಟ್ಟು ಗೊಜ್ಜು ಮಾಡಬೇಕೆಂದರೆ, ಹಪ್ಪಳ ಸುಡಬೇಕೆಂದರೆ, ಫುಲ್ಕ ಉಬ್ಬಿಸಬೇಕೆಂದರೆ ಜ್ವಾಲೆಯೇ ಬೇಕು. ಒಗ್ಗರಣೆ ಸೌಟನ್ನು ಇಟ್ಟರೆ, ಅದರ ತಳ ತೀರ ಕಿರಿದಾದ್ದರಿಂದ, ಪಾತ್ರೆಯೇ ಇಲ್ಲವೆಂದು ಬಗೆದು ಒಲೆ ಕೂಗಿಕೊಳ್ಳುತ್ತದೆ. ಅಗಲವಾದ ದೋಸೆ ಹೆಂಚಿನ ನಡುಭಾಗ ಸೀದರೂ ಅಂಚು ಬೇಯುವುದಿಲ್ಲ. ಈ ಮಿತಿಗಳು ನಿಜವೇ. ರುಚಿಯ ದೂರು ಮಾತ್ರ ನನಗೆ ಒಪ್ಪಿಗೆಯಾಗದು. ಸಾರಿಗೆ ತನ್ನ ಕೆಳಗೆ ಉರಿಯುತ್ತಿರುವುದೇನೆಂದು ಗೊತ್ತಾಗುವುದಿಲ್ಲ.

ಸುರಕ್ಷತೆಯ ಬಗ್ಗೆ ಎರಡು ಮಾತು. 2000 ವಾಟಿನ ಒಲೆ ಒಂಬತ್ತು ಆಂಪಿಯರಿನಷ್ಟು ವಿದ್ಯುತ್ತನ್ನು ಎಳೆಯುತ್ತದೆ. ಅದನ್ನು ಮೊಬೈಲು ಚಾರ್ಜು ಮಾಡುವ ಆರು ಆಂಪಿಯರಿನ ಸಾಕೆಟ್ಟಿಗೆ ಸಿಕ್ಕಿಸಕೂಡದು, 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಉರಿಯಲ್ಲಿರುವ ಒಲೆಯಿಂದ ಎರಡು ಅಡಿ ದೂರ ನಿಲ್ಲಬೇಕು, ವೈದ್ಯರನ್ನೂ ಕೇಳಿಕೊಳ್ಳಬೇಕು.

ಇನ್ನು ಖರ್ಚು. ಇಂಡಕ್ಷನ್ ಒಲೆ ಶೇಕಡಾ 85ರ ಸುಮಾರಿನ ಶಾಖವನ್ನು ಪಾತ್ರೆಗೆ ತಲುಪಿಸುತ್ತದೆ. ಗ್ಯಾಸಿನದು ಶೇಕಡಾ 40 ಮಾತ್ರ ಎಂದು ಜಾಹೀರಾತುಗಳು ಹೇಳುವುದುಂಟು. ಅದು ನಮ್ಮ ಒಲೆಗಳಿಗೆ ಅನ್ಯಾಯ. ಭಾರತೀಯ ಮಾನಕದಂತೆ ಗೃಹಬಳಕೆಯ ಗ್ಯಾಸ್ ಒಲೆಯ ಉಷ್ಣದಕ್ಷತೆ ಕನಿಷ್ಠ ಶೇಕಡಾ 68 ಇರಬೇಕು, ಬಳಕೆಯಲ್ಲಿ ಸ್ವಲ್ಪ ಇಳಿಯಬಹುದು. ಇದನ್ನೆಲ್ಲ ಹಿಡಿದು ಲೆಕ್ಕ ಹಾಕಿದರೆ, 14.2 ಕಿಲೋ ಗ್ಯಾಸಿನ ಒಂದು ಸಿಲಿಂಡರಿನ ಕೆಲಸಕ್ಕೆ ಸುಮಾರು 130 ಯೂನಿಟ್ ವಿದ್ಯುತ್ತು ಸಾಕು. ಒಂದು ಲೀಟರು ನೀರು ಕುದಿಯಲು ಬೇಕಾಗುವುದು ಯೂನಿಟ್ಟಿನ ಹತ್ತನೆಯ ಒಂದು ಪಾಲು. ನಿಮ್ಮ ಊರಿನ ದರದಿಂದ ಗುಣಿಸಿ ನೋಡಿಕೊಳ್ಳಿ.

ಈ ಗುಣಾಕಾರ ನನ್ನಂಥ ಪಿಂಚಣಿದಾರನಿಗೆ ಸರಿ. ನಮ್ಮ ಬೀದಿಯ ತಿರುವಿನಲ್ಲಿ ಹೂ ಕಟ್ಟಿ ಮಾರುವ ಹೆಣ್ಣುಮಗಳೊಬ್ಬರಿಗೆ ಅದು ಸರಿಹೊಂದಲಿಲ್ಲ. ಅವರ ಮನೆಯಲ್ಲಿ ಗ್ಯಾಸ್ ಇದೆ, ನೆಂಟರು ಬಂದಾಗ ಮಾತ್ರ ಹಚ್ಚುತ್ತಾರೆ. ಉಳಿದಂತೆ ತೆಂಗಿನ ಮಟ್ಟೆ, ಗರಿ, ಸಿಕ್ಕಿದ ಸೌದೆ. ಜೊತೆಗೆ ವರ್ಷವಿಡೀ ಬಿಡದ ಕೆಮ್ಮು. ಮಗ ಒಂದು ಹಳೆಯ ಇಂಡಕ್ಷನ್ ಒಲೆ ತಂದುಕೊಟ್ಟ. ಎರಡು ತಿಂಗಳು ಸಂತೋಷದಿಂದ ಬಳಸಿದರು, ಆಮೇಲೆ ಅಟ್ಟಕ್ಕೆ ಸೇರಿಸಿದರು. "ಸೊನ್ನೆ ಬರ್ತಿದ್ದ ಬಿಲ್ಲಿಗೆ ಇನ್ನೂರು ಚಿಲ್ಲರೆ ಬರೋಕೆ ಶುರುವಾಯ್ತು ಮೇಷ್ಟ್ರೇ. ಸೌದೆಗೆ ನಾನು ಯಾರಿಗೂ ದುಡ್ಡು ಕೊಡೋದಿಲ್ವಲ್ಲ" ಎಂದರು. ಇನ್ನೂರು ರೂಪಾಯಿ ಗ್ಯಾಸಿಗಿಂತ ಅಗ್ಗವೆಂದು ನಾನು ಹೇಳಬಹುದಿತ್ತು. ಅವರು ಹೋಲಿಸುತ್ತಿದ್ದುದು ಗ್ಯಾಸಿನೊಡನೆ ಅಲ್ಲ, ಬಿಟ್ಟಿ ಸೌದೆಯೊಡನೆ.

ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ 2023ರಲ್ಲಿ ಜಾರಿಗೆ ಬಂದಾಗ, 2022–23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, 200 ಯೂನಿಟ್ ಮೀರದಂತೆ, ಪ್ರತಿ ಮನೆಯ ಉಚಿತ ಪಾಲನ್ನು ಗೊತ್ತುಪಡಿಸಲಾಯಿತು. ಅತಿ ಕಡಿಮೆ ಬಳಸುವವರಿಗೆ ಶೇಕಡಾ 10ರ ಬದಲು 10 ಯೂನಿಟ್ ಎಂದು 2024ರಲ್ಲಿ ಸಡಿಲಿಸಿದ್ದೂ ಉಂಟು. ಪಾಲು ಮೀರಿದರೆ ಹೆಚ್ಚುವರಿಗೆ ಹಣ ತೆರಬೇಕು. ದುಂದು ತಡೆಯಲು ಇದು ನ್ಯಾಯವಾದ ಕಟ್ಟಳೆಯೇ. ಆದರೆ ಇದರ ಫಲ ನೋಡಿ: ಮೊದಲೇ ಎಸಿ, ಗೀಸರು ಇಟ್ಟುಕೊಂಡು 170 ಯೂನಿಟ್ ಉರಿಸುತ್ತಿದ್ದ ಮನೆಗೆ 187 ಉಚಿತ, ಎರಡು ದೀಪ, ಒಂದು ಫ್ಯಾನಿನಲ್ಲಿ 40 ಯೂನಿಟ್ಟಿಗೆ ಸಂಸಾರ ತೂಗಿಸಿದ ಹೂವಿನವರಿಗೆ 50. ಸೌದೆಯಿಂದ ವಿದ್ಯುತ್ತಿಗೆ ಬರಲು ಅವರಿಗೆ ಬೇಕಾದ 35–40 ಯೂನಿಟ್ಟಿಗೆ ಆ ಹತ್ತರಲ್ಲಿ ಜಾಗವಿಲ್ಲ. ಹೊಗೆಯಲ್ಲಿ ಅಡುಗೆ ಮಾಡಿದ ವರ್ಷದ ಸರಾಸರಿಯೇ ಅವರನ್ನು ಹೊಗೆಯಲ್ಲಿ ಉಳಿಸುತ್ತಿದೆ.

ಹೊಗೆಯ ವಿಷಯ ನಮ್ಮ ನಾಡಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತನದಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ, ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟುವ 'ಅಸ್ತ್ರ ಒಲೆ'ಯನ್ನು ರೂಪಿಸಿತು. ಹಳ್ಳಿಯ ಹೆಂಗಸರ ಕಣ್ಣು, ಎದೆಗಳನ್ನು ನೆನೆದು ವಿಜ್ಞಾನಿಗಳು ಮಣ್ಣು ಮೆತ್ತಿದ ಕಾಲವದು. ಗ್ಯಾಸಿಗಾಗಿಯೂ ಸರ್ಕಾರ ಕೈ ಚಾಚಿದೆ: 2016ರ ಉಜ್ವಲಾ ಯೋಜನೆಯ ಫಲಾನುಭವಿಗಳಿಗೆ ಸಿಲಿಂಡರೊಂದಕ್ಕೆ ಕೊಡುವ ಸಹಾಯಧನವನ್ನು 2023ರ ಅಕ್ಟೋಬರಿನಲ್ಲಿ 300 ರೂಪಾಯಿಗೆ ಏರಿಸಲಾಯಿತು. ಹೊರದೇಶದಿಂದ ತರಿಸುವ ಗ್ಯಾಸಿಗೆ ಕೊಡಬಹುದಾದರೆ ಪಾವಗಡದ ಬಿಸಿಲಿನಲ್ಲಿ ಬೆಳೆಯುವ ವಿದ್ಯುತ್ತಿಗೆ ಏಕೆ ಕೊಡಬಾರದು? ಉಜ್ವಲಾ ಮನೆಗಳಿಗೆ, ಸರಾಸರಿಯ ಗೊಡವೆಯಿಲ್ಲದೆ, ಅಡುಗೆಯ ಪಾಲೆಂದು 40 ಯೂನಿಟ್ ಪ್ರತ್ಯೇಕವಾಗಿ ಸೇರಿಸಬೇಕೆಂಬುದು ನನ್ನ ವಾದ.

ಆ ಯೂನಿಟ್ಟುಗಳನ್ನು ಅಡುಗೆಗೇ ಬಳಸುತ್ತಾರೆಂಬ ಖಾತರಿಯೇನು ಎಂದು ಮಿತ್ರರೊಬ್ಬರು ಕೇಳಿದರು. ಖಾತರಿಯಿಲ್ಲ. ಕೆಲವರು ಸ್ನಾನದ ನೀರು ಕಾಯಿಸಿಯಾರು. ಅದಕ್ಕೂ ಈಗ ಸೌದೆಯೇ ಉರಿಯುತ್ತಿದೆ. ಸಂಜೆ ಏಳರ ಹೊತ್ತಿಗೆ ಎಲ್ಲರೂ ಒಲೆ ಹಚ್ಚಿದರೆ ಬಿಸಿಲಿನ ವಿದ್ಯುತ್ತು ಎಲ್ಲಿಂದ ಬರಬೇಕು ಎಂಬುದು ಇನ್ನೊಂದು ಆಕ್ಷೇಪ. ಇದು ಗಟ್ಟಿಯಾದದ್ದು. ನಡುಹಗಲಿನ ಅಡುಗೆಗಷ್ಟೇ ಆರಂಭಿಸಿದರೂ ದಿನದ ಅರ್ಧ ಹೊಗೆ ತಪ್ಪುತ್ತದೆ ಎಂಬುದಷ್ಟೇ ನನ್ನ ಉತ್ತರ. ಕರೆಂಟು ಹೋದಾಗಿನ ಪಾಡಿಗೆ ಸೌದೆ ಒಲೆ ಮೂಲೆಯಲ್ಲಿರಲಿ, ಯಾರೂ ಒಡೆಯಬೇಕಾಗಿಲ್ಲ.

ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನಮ್ಮ ಕ್ಷೇತ್ರದ ಶಾಸಕರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಹೂವಿನವರ ಒಪ್ಪಿಗೆ ಪಡೆದು, ಅವರ ಆ ಎರಡು ತಿಂಗಳ ಬಿಲ್ಲುಗಳ ನಕಲನ್ನೂ ಲಗತ್ತಿಸಿದ್ದೇನೆ.