ಮೂರು ಹೆಣ, ಎರಡು ಕೋರ್ಟು



ಅಮೆರಿಕಾದಲ್ಲಿ ಕೋರ್ಟು ಎರಡು ಬಗೆ. ಒಂದೊಂದು ರಾಜ್ಯಕ್ಕೂ ಅದರದೇ ಕಾನೂನು, ಅದರದೇ ಕೋರ್ಟು. ಪಕ್ಕದಲ್ಲೇ ಇಡೀ ದೇಶದ ಫೆಡರಲ್ ಕೋರ್ಟು. ಕೊಲೆ, ಕಳ್ಳತನ, ಮದುವೆ, ಜಮೀನು ಹೆಚ್ಚುಮಟ್ಟಿಗೆ ರಾಜ್ಯದ ಪಾಲು. ದೇಶದ ಸಂವಿಧಾನ, ಕೇಂದ್ರದ ಕಾನೂನು ಮುರಿದರೆ ಫೆಡರಲ್ ಕೋರ್ಟು. ದೂರದ ಈ ಸಂಗತಿ ನಮಗ್ಯಾಕೆ ಅಂತೀರಾ? ಕೇಳಿ.

1964ರ ಜೂನ್ 21, ಮಿಸಿಸಿಪ್ಪಿ ರಾಜ್ಯ. ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ದುಡಿಯುತ್ತಿದ್ದ ಮೂವರು ಹುಡುಗರು: ಜೇಮ್ಸ್ ಚೇನಿ, ಆಂಡ್ರೂ ಗುಡ್‌ಮನ್, ಮೈಕೆಲ್ ಶ್ವೆರ್ನರ್. ಚೇನಿ ಕಪ್ಪು ಹುಡುಗ, ಉಳಿದಿಬ್ಬರು ಬಿಳಿಯರು. ಡೆಪ್ಯುಟಿ ಶೆರೀಫನೇ ಅವರನ್ನು ಲಾಕಪ್ಪಿಗೆ ಹಾಕಿದ. ರಾತ್ರಿ ಬಿಟ್ಟ. ಮತ್ತೆ ಬೆನ್ನಟ್ಟಿ ಹಿಡಿದು ಕ್ಲಾನ್ ಗುಂಪಿಗೆ ಒಪ್ಪಿಸಿದ. 44 ದಿನದ ಮೇಲೆ ಮಣ್ಣಿನ ಏರಿಯ ಅಡಿ ಹೆಣ ಸಿಕ್ಕವು.

ಕೊಲೆ ಕೇಸು ಹಾಕಬೇಕಾದ್ದು ರಾಜ್ಯ. ಹಾಕಲಿಲ್ಲ. ಫೆಡರಲ್ ಸರ್ಕಾರ ಮುಂದೆ ಬಂತು. ಆದರೆ ಅದನ್ನು ಕೊಲೆ ಅಂತ ಕರೆಯೋ ಕಾನೂನು ಅದರ ಕೈಲಿರಲಿಲ್ಲ. 1870ರ ಹಳೇ ಕಾನೂನಿನ ಎಳೆ ಹಿಡಿದು 'ನಾಗರಿಕ ಹಕ್ಕು ಕಸಿಯುವ ಒಳಸಂಚು' ಅಂತ ಕೇಸು ಹಾಕಿತು. ಫೆಡರಲ್ ಜಡ್ಜೇ ಎಲ್ಲ ಆರೋಪಿಗಳ ಮೇಲಿನ ದೊಡ್ಡ ಆರೋಪ ಕಿತ್ತುಹಾಕಿದ. 1966ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಮತ್ತೆ ಜೀವ ಕೊಟ್ಟಿತು. 1967ರಲ್ಲಿ ವಿಚಾರಣೆಗೆ ನಿಂತ 18 ಜನರಲ್ಲಿ 7 ಮಂದಿಗೆ ಶಿಕ್ಷೆಯಾಯಿತು. ಎಷ್ಟು? 3ರಿಂದ 10 ವರ್ಷ. ಮೂರು ಜೀವದ ಬೆಲೆ ಅಷ್ಟೇ!

ಆ ದಿನ ಜ್ಯೂರಿಯಲ್ಲಿ ಒಮ್ಮತವಾಗದೆ ಪಾರಾದವನು ಎಡ್ಗರ್ ರೇ ಕಿಲ್ಲೆನ್. ಕೊಲೆಯಾದ 41 ವರ್ಷಕ್ಕೆ, 2005ರಲ್ಲಿ, ರಾಜ್ಯದ ಕೋರ್ಟು ಅವನಿಗೆ ನರಹತ್ಯೆಗಾಗಿ 60 ವರ್ಷ ಕೊಟ್ಟಿತು. 2018ರಲ್ಲಿ ಜೈಲಲ್ಲೇ ಸತ್ತ. ಅಲ್ಲಿ ಸರ್ಕಾರ ಎರಡು, ಕಾನೂನು ಎರಡು. ಒಂದೇ ಕೃತ್ಯಕ್ಕೆ ಎರಡೂ ಕಡೆ ಕೇಸು ನಡೆಸಬಹುದು. 2019ರಲ್ಲಿ ಅವರ ಸುಪ್ರೀಂ ಕೋರ್ಟು ಇದನ್ನೇ ಮತ್ತೆ ಎತ್ತಿಹಿಡಿಯಿತು.

ನಮ್ಮಲ್ಲಿ ಹಾಗಿಲ್ಲ. ಜಿಲ್ಲಾ ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಒಂದೇ ಏಣಿ. ಕೊಲೆಯ ಆರೋಪವೂ 1989ರ ದೌರ್ಜನ್ಯ ತಡೆ ಕಾಯ್ದೆಯ ಆರೋಪವೂ ಒಟ್ಟಿಗೇ ವಿಚಾರಣೆಗೆ ಬರುತ್ತವೆ. ಆರೋಪಿ ಖುಲಾಸೆಯಾದರೆ ಮೇಲಿನ ಕೋರ್ಟಿಗೆ ಅಪೀಲು, ಅಷ್ಟೇ. ಪಕ್ಕದಲ್ಲಿ ಇನ್ನೊಂದು ಬಾಗಿಲಿಲ್ಲ.

ಅದಕ್ಕೇ ಹೇಳ್ತಿರೋದು. ಊರಲ್ಲಿ ಹೊಡೆದಾಗ, ಸುಟ್ಟಾಗ, ಅಪ್ಪ ಅಮ್ಮನ ಜೊತೆ ಠಾಣೆಗೆ ಹೋಗುವ ಓದಿದ ಮಗ ನೀನು. ಬೈದ ಜಾತಿ ಮಾತು ಮೊದಲ ದೂರಿನಲ್ಲೇ ಬರಲಿ. ದೌರ್ಜನ್ಯ ಕಾಯ್ದೆಯ ಕಲಂ ಹಾಕಿದ್ದಾರಾ ನೋಡು. ಓದಿಸಿ ಕೇಳು, ಆಮೇಲೆ ಹೆಬ್ಬೆಟ್ಟು ಒತ್ತಿಸು. ನಕಲು ಕೇಳಿ ತಗೋ, ಅದು ಪುಕ್ಕಟೆ. ಬೇಡೋದಲ್ಲ ಅದು, ಹಕ್ಕು.