ಖಾದರ್ ಖಾನ್: ನಕ್ಕು ಮರೆತವರಿಗೆ ಮತ್ತು ಕ್ಷಮಿಸಿ ಮರೆತವರಿಗೆ

ಖಾದರ್ ಖಾನ್ 2018ರ ಡಿಸೆಂಬರ್ 31ರಂದು ದೂರದ ಕೆನಡಾದಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ಹೆಚ್ಚಿನವರ ಕಣ್ಣ ಮುಂದೆ ಬಂದದ್ದು ಗೋವಿಂದನಿಂದ ಏಮಾರುವ ಮಾವನ ಪಾತ್ರ. ಒಂದು ತಿಂಗಳು ತುಂಬುವುದರೊಳಗೆ, 2019ರ ಗಣರಾಜ್ಯೋತ್ಸವಕ್ಕೆ ಸರಕಾರ ಅವರಿಗೆ ಪದ್ಮಶ್ರೀ ಘೋಷಿಸಿತು. ಬದುಕಿದ್ದ 81 ವರ್ಷಗಳಲ್ಲಿ ಕೊಡಲಾಗದ್ದನ್ನು ಸತ್ತ ಮೇಲೆ ಕೊಟ್ಟಿತು. ಇದಕ್ಕಾಗಿ ಸರಕಾರವೊಂದನ್ನೇ ದೂರುವುದು ಸುಲಭ. ಆದರೆ ಈ ಮರೆವಿನಲ್ಲಿ ನಮ್ಮೆಲ್ಲರ ಪಾಲೂ ಇದೆ ಎಂಬುದೇ ನಮ್ಮ ತಕರಾರು.

ಕಾಬೂಲಿನಲ್ಲಿ ಹುಟ್ಟಿದ ಈ ಮನುಷ್ಯ ಬೆಳೆದದ್ದು ಮುಂಬಯಿಯ ಕಾಮಾಟಿಪುರದ ಕಡುಬಡತನದಲ್ಲಿ. ಅಂಥ ಗಲ್ಲಿಯಿಂದ ಎದ್ದು ಬಂದು ಸಿವಿಲ್ ಎಂಜಿನಿಯರಿಂಗ್ ಓದಿದರು, ಬೈಕಲಾದ ಸಾಬೂ ಸಿದ್ದೀಕ್ ಕಾಲೇಜಿನಲ್ಲಿ ಮೇಷ್ಟರಾದರು. ಪಾಠದ ಜೊತೆಗೆ ನಾಟಕ ಬರೆದರು, ಆಡಿದರು. 1972ರ 'ಜವಾನಿ ದಿವಾನಿ'ಯಿಂದ ಅವರ ಸಂಭಾಷಣೆಯ ಕೆಲಸ ಶುರುವಾಯಿತು. 1974ರ 'ರೋಟಿ' ಅವರನ್ನು ಮನಮೋಹನ ದೇಸಾಯಿಯವರ ಜೊತೆಗೆ ಕೂಡಿಸಿತು. ಮುಂದೆ 'ಅಮರ್ ಅಕ್ಬರ್ ಆಂಥೋನಿ', 'ಮುಕದ್ದರ್ ಕಾ ಸಿಕಂದರ್', 'ಲಾವಾರಿಸ್', 'ಕೂಲಿ', 1990ರ 'ಅಗ್ನಿಪಥ್' ಬಂದವು. ದೇಸಾಯಿ ಮತ್ತು ಪ್ರಕಾಶ್ ಮೆಹ್ರಾ ಪರಸ್ಪರ ಪೈಪೋಟಿಯ ನಿರ್ದೇಶಕರು. ಖಾದರ್ ಖಾನರ ಲೇಖನಿ ಇಬ್ಬರಿಗೂ ಬೇಕಾಗಿತ್ತು. ಅಮಿತಾಭ್ ಬಚ್ಚನ್ ಪರದೆಯ ಮೇಲೆ ಬಾಯಿ ಬಿಟ್ಟಾಗ ಇಡೀ ಚಿತ್ರಮಂದಿರ ಶಿಳ್ಳೆ ಹಾಕುತ್ತಿತ್ತಲ್ಲ, ಆ ಶಿಳ್ಳೆಯಲ್ಲಿ ಅರ್ಧವಾದರೂ ಈ ಮೇಷ್ಟರಿಗೆ ಸಲ್ಲಬೇಕಾದದ್ದು. ಸಂದದ್ದು ಮಾತ್ರ ನಾಯಕನಿಗೆ.

ದೇಸಾಯಿ ತಮಗೆ ಹಾಕಿದ ಷರತ್ತನ್ನು ಖಾದರ್ ಖಾನ್ ಸಂದರ್ಶನಗಳಲ್ಲಿ ನೆನೆದುಕೊಂಡಿದ್ದರು. ಶಾಯರಿ ಬೇಡ, ಗಾದೆಗಳ ಮಾಲೆ ಬೇಡ, ಜನ ಚಪ್ಪಾಳೆ ತಟ್ಟುವ ಮಾತು ಬೇಕು. ಕಾಮಾಟಿಪುರದ ಹುಡುಗನಿಗೆ ಅದೇನು ಕಷ್ಟವಾಗಲಿಲ್ಲ. ಬೀದಿಯಲ್ಲಿ ಕೇಳಿದ್ದನ್ನು ಬರೆದರು. ಆಂಥೋನಿಯ ಬಾಯಿಗೆ ಬಂದ ಬಂಬಯ್ಯಾ ಮಾತು ಯಾವ ಧರ್ಮದ್ದು? ಅದರಲ್ಲಿ ಉರ್ದು ಎಷ್ಟು, ಮರಾಠಿ ಎಷ್ಟು ಎಂದು ತಕ್ಕಡಿ ಹಿಡಿದು ತೂಗಿದವರಿಲ್ಲ. ಉರ್ದುವನ್ನು ಪರದೇಶಿ ಭಾಷೆ, ಒಂದು ಕೋಮಿನ ಭಾಷೆ ಎಂದು ಹೀಗಳೆಯುವ ಮಹನೀಯರೂ ಆ ಮಾತುಗಳಿಗೆ ಚಪ್ಪಾಳೆ ಹೊಡೆದಿದ್ದಾರೆ. ತಾವು ಯಾವುದಕ್ಕೆ ಚಪ್ಪಾಳೆ ಹೊಡೆದೆವು ಎಂಬುದನ್ನು ಅವರು ಒಮ್ಮೆ ಯೋಚಿಸಲಿ.

ಇನ್ನೊಂದು ಮಾತು. 'ಮುಕದ್ದರ್ ಕಾ ಸಿಕಂದರ್'ನಲ್ಲಿ ಅನಾಥ ಹುಡುಗನನ್ನು ಮಗನೆಂದು ಒಪ್ಪಿಕೊಳ್ಳುವವಳು ಫಾತಿಮಾ ಎಂಬ ಬಡ ತಾಯಿ. ಅದೇ ಚಿತ್ರದಲ್ಲಿ, ನೋವಿನೆದುರು ನಗುವುದನ್ನು ಆ ಹುಡುಗನಿಗೆ ಕಲಿಸುವ ಫಕೀರನ ಪಾತ್ರ ಮಾಡಿದವರು ಖಾದರ್ ಖಾನರೇ. 'ಕೂಲಿ'ಯ ನಾಯಕ ಇಕ್ಬಾಲ್ ತೋಳಿಗೆ 786ರ ಬಿಲ್ಲೆ ಕಟ್ಟಿಕೊಂಡು ಹಮಾಲರ ಪರವಾಗಿ ನಿಲ್ಲುತ್ತಾನೆ. ಆ ಚಿತ್ರದ ಖಳ ಜಾಫರ್ ಕೂಡ ಮುಸ್ಲಿಮನೇ. ಆ ಪಾತ್ರದಲ್ಲೂ ಖಾದರ್ ಖಾನರೇ ಇದ್ದರು. ಅಂದರೆ ಒಳ್ಳೆಯವನು ಕೆಟ್ಟವನು ಎನ್ನುವುದು ಹೆಸರಿನಿಂದ ತೀರ್ಮಾನವಾಗುತ್ತಿರಲಿಲ್ಲ. ಈ ಚಿತ್ರಗಳು ವಾಸ್ತವವಲ್ಲ, ಕನಸುಗಳು ಎಂಬುದು ನಮಗೂ ಗೊತ್ತು. ಆದರೆ ಗಡ್ಡ, ಟೋಪಿ ಕಂಡ ಕೂಡಲೇ ಹಿನ್ನೆಲೆ ಸಂಗೀತ ಬದಲಾಗುವ ಚಿತ್ರಗಳನ್ನು ನೋಡಿ ನೋಡಿ ಬೇಸತ್ತವರಿಗೆ ಆ ಕನಸಿನ ಬೆಲೆ ತಿಳಿಯುತ್ತದೆ.

ಹಾಗೆಂದು ಖಾದರ್ ಖಾನರನ್ನು ಪೀಠದ ಮೇಲೆ ಕೂರಿಸಿ ಪೂಜಿಸುವುದು ನಮ್ಮ ಉದ್ದೇಶವಲ್ಲ. 1983ರ 'ಹಿಮ್ಮತ್‌ವಾಲಾ'ದ ನಂತರ ದಕ್ಷಿಣದ ನಿರ್ಮಾಪಕರ ಹಿಂದಿ ಚಿತ್ರಗಳ ಸುಗ್ಗಿಯಲ್ಲಿ ಅವರ ಲೇಖನಿ ಸೋವಿಯಾಯಿತು. ದ್ವಂದ್ವಾರ್ಥದ ಮಾತು, ಹೆಣ್ಣನ್ನು ಅಗ್ಗವಾಗಿಸುವ ಹಾಸ್ಯ ಧಾರಾಳವಾಗಿ ಬಂತು. ಮಾರುಕಟ್ಟೆ ಕೇಳಿತು, ಅವರು ಕೊಟ್ಟರು. ಕೇಳಿದವರದು ಎಷ್ಟು ತಪ್ಪೋ ಕೊಟ್ಟವರದೂ ಅಷ್ಟೇ. ನಮ್ಮವರು ಎಂಬ ಕಾರಣಕ್ಕೆ ಇದನ್ನು ಮುಚ್ಚಿಟ್ಟರೆ ಬೇರೆಯವರ ತಪ್ಪು ಎತ್ತಿ ಆಡುವ ಹಕ್ಕು ನಮಗೆ ಉಳಿಯುವುದಿಲ್ಲ.

ಇನ್ನು ನಮ್ಮ ಮೊಹಲ್ಲಾದ ಮಾತಿಗೆ ಬರೋಣ. ಇಲ್ಲಿ ಖಾದರ್ ಖಾನರ ಕತೆಯನ್ನು ಬೇರೆಯೇ ರೀತಿ ಹೇಳುವವರಿದ್ದಾರೆ. ಅವರು ಸಿನಿಮಾದ ಕೆಸರಿನಲ್ಲಿ ಬಿದ್ದಿದ್ದರು, ಕೊನೆಗೆ ತೌಬಾ ಮಾಡಿ ದೀನಿಗೆ ಮರಳಿದರು, ಆದ್ದರಿಂದ ಹಳೆಯದನ್ನು ಅಲ್ಲಾಹನು ಮನ್ನಿಸಲಿ ಎಂಬ ಕತೆ. ಅವರು ಅರಬಿ ಕಲಿತದ್ದು, ಇಳಿವಯಸ್ಸಿನಲ್ಲಿ ಧರ್ಮಬೋಧನೆಗೆ ಮನಸ್ಸು ಕೊಟ್ಟದ್ದು, 2014ರಲ್ಲಿ ಹಜ್ ಮಾಡಿದ್ದು ಎಲ್ಲವೂ ನಿಜ. ಆದರೆ ಮೇಷ್ಟರು ನಡುವೆ ಎಲ್ಲೋ ಸತ್ತು ಮತ್ತೆ ಹುಟ್ಟಿದವರಲ್ಲ. ತರಗತಿಯಲ್ಲಿ ಲೆಕ್ಕವನ್ನು ಬಿಡಿಸಿ ಹೇಳಿದ್ದು, ಚಿತ್ರದಲ್ಲಿ ಹಮಾಲನ ಸಿಟ್ಟನ್ನು ಹಮಾಲನಿಗೇ ತಿಳಿಯುವಂತೆ ಬರೆದದ್ದು, ಧರ್ಮದ ಮಾತನ್ನು ಸಾಮಾನ್ಯನಿಗೆ ಸರಳವಾಗಿ ತಲುಪಿಸಬೇಕೆಂದು ಹಂಬಲಿಸಿದ್ದು ಒಂದೇ ವಿದ್ಯೆ. ಇದರಲ್ಲಿ ಮೂರನೆಯದನ್ನು ಮಾತ್ರ ಇಟ್ಟುಕೊಂಡು ಉಳಿದೆರಡನ್ನು ತೊಳೆದುಹಾಕುವುದು ಯಾವ ನ್ಯಾಯ?

ಈ ಮಾತು ಇಲ್ಲಿ ಏಕೆ ಎಂದರೆ, ನಮ್ಮ ಮಕ್ಕಳೂ ಇದೇ ಇಕ್ಕಟ್ಟಿನಲ್ಲಿದ್ದಾರೆ. ನಾಟಕ, ಕತೆ, ಸಿನಿಮಾ ಎಂದರೆ ಮನೆಯಲ್ಲಿ ಗದರಿಕೆ. ಮನೆಯಾಚೆ ಬಂದರೆ, ಈ ಭಾಷೆ ನಿನ್ನದೇ ಎಂಬ ಪ್ರಶ್ನೆ. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ತಂದ ಬಾನು ಮುಷ್ತಾಕರನ್ನೇ ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ, ಬೇಡವೆಂದು ನ್ಯಾಯಾಲಯದ ಮೆಟ್ಟಿಲೇರಿದವರಿದ್ದರು. ಎರಡೂ ಕಡೆಯ ಕಾವಲುಗಾರರು ಬೇರೆ ಬೇರೆ ಬಾವುಟ ಹಿಡಿದು ಕಾಯುತ್ತಿರುವುದು ಒಂದೇ ಬಾಗಿಲನ್ನು.

ಆ ಬಾಗಿಲು ತೆರೆದಿದ್ದಾಗ ಏನಾಗುತ್ತಿತ್ತು ಎಂಬುದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. ಎಚ್.ಕೆ. ಅನಂತರಾಯರ ಕಾದಂಬರಿಯನ್ನು ರಾಜೇಂದ್ರಸಿಂಗ್ ಬಾಬು 1981ರಲ್ಲಿ ಅಂಬರೀಷ್ ನಾಯಕತ್ವದ 'ಅಂತ' ಚಿತ್ರವಾಗಿಸಿದರು. ಅದನ್ನೇ ಅವರು ಹಿಂದಿಯಲ್ಲಿ 'ಮೇರಿ ಆವಾಜ್ ಸುನೋ' ಮಾಡಿದಾಗ ಮಾತು ಬರೆದವರು ಖಾದರ್ ಖಾನ್. ಈ ಚಿತ್ರಕ್ಕೆ ಅವರಿಗೆ ಸಂಭಾಷಣೆಗಾಗಿ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಕನ್ನಡದ ಕತೆಗೆ ಕಾಬೂಲಿನಲ್ಲಿ ಹುಟ್ಟಿದವನೊಬ್ಬ ಹಿಂದಿಯ ದನಿ ಕೊಟ್ಟ. ಭ್ರಷ್ಟರ ವಿರುದ್ಧದ ಆ ಸಿಟ್ಟು ಯಾರದೆಂದು ಆಗ ಯಾರೂ ಕೇಳಲಿಲ್ಲ.

ಖಾದರ್ ಖಾನರನ್ನು ಬರೀ ನಗೆಗಾರನೆಂದು ನಕ್ಕು ಮರೆತವರಿಗೂ, ದಾರಿತಪ್ಪಿ ಮರಳಿದವನೆಂದು ಕ್ಷಮಿಸಿ ಮರೆತವರಿಗೂ ನಾವು ಕೇಳುವುದಿಷ್ಟೇ. ಅವರಿಗೆ ನಿಮ್ಮ ಕ್ಷಮೆ ಬೇಕಿಲ್ಲ. ಅವರ ಕೆಲಸದ ಲೆಕ್ಕವನ್ನು, ಅದರ ಜೊಳ್ಳನ್ನೂ ಸೇರಿಸಿ, ಸರಿಯಾಗಿ ಇಡಿ. ಮನೆಯಲ್ಲಿ ಬರೆಯುವ ಮಗಳೋ ಮಗನೋ ಇದ್ದರೆ ಅವರ ಕೈಯಿಂದ ಲೇಖನಿ ಕಸಿಯಬೇಡಿ.